ಪೆಟ್ಟು ಕೊಟ್ಟರೆ ತಿರುಗುವ ಸ್ಕ್ರೂಡ್ರೈವರ್: ಓಬಿಎಂ ದೋಣಿಯವರಿಗೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಈ ಇಂಪ್ಯಾಕ್ಟ್ ಡ್ರೈವರಿಗೆ ಕೊಟ್ಟ 650 ರೂಪಾಯಿಗೆ ನನಗೆ ಬೇಸರವಿಲ್ಲ. ಆದರೆ ಡಬ್ಬಿಯಲ್ಲಿ ಜೊತೆಗೆ ಬರುವ ನಾಲ್ಕು ಬಿಟ್‌ಗಳನ್ನು, ಅಂದರೆ ಸ್ಕ್ರೂ ತಲೆಗೆ ಕೂರುವ ತುದಿಗಳನ್ನು, ನಂಬಬೇಡಿ. ಇದೊಂದು ಇದ್ದರೆ ಎಂಥ ಜಾಮ್ ಆದರೂ ಬಿಚ್ಚುತ್ತದೆ ಎಂದು ಅಂಗಡಿಯವರು ಹೇಳಿದರೆ ಹೂಂ ಅಂದು ಸುಮ್ಮನಿರಿ.

ನಮ್ಮದು ಮರವಂತೆ ಕಡೆಯ ಫೈಬರ್ ನಾಡದೋಣಿ, ಹಿಂದೆ 9.9 ಅಶ್ವಶಕ್ತಿಯ ಓಬಿಎಂ, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಟ್ರಾಲ್‌ಬೋಟು, ಪರ್ಸೀನ್ ಬೋಟಿನಂಥ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡಿರುವಾಗ ಕಡಲಿಗೆ ಇಳಿಯುವುದು ನಮ್ಮಂಥ ಸಣ್ಣ ಎಂಜಿನ್‌ನವರು. ಅಲೆ ಬಿಟ್ಟುಕೊಟ್ಟ ನಾಲ್ಕು ದಿನದಲ್ಲಿ ಸಿಗಡಿ ಸಿಕ್ಕರೆ ಸಿಕ್ಕಿತು. ಆ ನಾಲ್ಕು ದಿನ ಎಂಜಿನ್ ಕೈಕೊಡಬಾರದು ಅಂತ ಮೇ ತಿಂಗಳಲ್ಲೇ ಅದನ್ನು ಇಳಿಸಿ, ತೆಂಗಿನ ಮಡಲಿನ ಚಪ್ಪರದಡಿ ಸ್ಟ್ಯಾಂಡಿಗೆ ಹಾಕಿ, ಗೇರ್ ಆಯಿಲ್ ಬದಲಿಸುವುದು ನನ್ನ ರೂಢಿ. ರೂಢಿ ಅಂದೆ, ಹಿಂದಿನ ವರ್ಷ ಬದಲಿಸಿರಲಿಲ್ಲ. ತಂಗಿಯ ಮದುವೆ ಇತ್ತು.

ಓಬಿಎಂ ಇಟ್ಟುಕೊಂಡವರಿಗೆ ಗೊತ್ತಿರುತ್ತದೆ, ನೀರೊಳಗೆ ತಿರುಗುವ ಫ್ಯಾನಿನ ಮುಂದಿರುವ ಗೇರ್ ಬಾಕ್ಸಿಗೆ ಎರಡು ದಪ್ಪ ಸ್ಕ್ರೂ. ಕೆಳಗಿನದು ಎಣ್ಣೆ ಇಳಿಸಲಿಕ್ಕೆ, ಮೇಲಿನದು ಗಾಳಿಗೆ ಮತ್ತು ಮಟ್ಟ ನೋಡಲಿಕ್ಕೆ. ತಲೆಯಲ್ಲಿ ಒಂದೇ ಅಡ್ಡ ಸೀಳು. ಮೇಲಿನದು ಸಲೀಸಾಗಿ ಬಂತು. ಕೆಳಗಿನದು ಅಲ್ಲಾಡಲೇ ಇಲ್ಲ. ಸುತ್ತ ಕೆಂಪು ತುಕ್ಕಿರಲಿಲ್ಲ, ಉಪ್ಪಿನಂಥ ಬಿಳಿ ಪುಡಿ ಇತ್ತು. ಆ ಬಿಳಿ ಪುಡಿಯೇ ಹೆಚ್ಚು ಕೆಟ್ಟದ್ದು. ಸ್ಕ್ರೂ ಸ್ಟೀಲಿನದು, ಗೇರ್ ಬಾಕ್ಸು ಅಲ್ಯೂಮಿನಿಯಂ. ಉಪ್ಪುನೀರು ಸೇರಿದರೆ ಎರಡರ ನಡುವೆ ಬ್ಯಾಟರಿಯ ಹಾಗೆ ಕರೆಂಟು ಹರಿದು, ಸೋಲುವುದು ಅಲ್ಯೂಮಿನಿಯಂ. ಅದು ಕರಗಿ ಪುಡಿಯಾಗಿ ಸ್ಕ್ರೂವಿನ ಎಳೆಗಳ ನಡುವೆ ಗಟ್ಟಿ ಕೂರುತ್ತದೆ. ಹಿಂದಿನ ಸಲ ಸ್ಕ್ರೂ ಹಾಕುವಾಗ ಒಂದು ಬೆರಳು ಗ್ರೀಸ್ ಹಚ್ಚಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಚ್ಚಬೇಕಾದವನು ನಾನೇ.

ಮನೆಯಲ್ಲಿದ್ದ ಉದ್ದ ಸ್ಕ್ರೂಡ್ರೈವರ್ ಇಟ್ಟು, ಅದರ ಕುತ್ತಿಗೆಗೆ ಪಾನ (ಸ್ಪ್ಯಾನರ್) ಸಿಕ್ಕಿಸಿ ತಿರುಗಿಸಿದೆ. ಸೀಳಿನ ಒಂದು ಬದಿ ಕಿತ್ತುಬಂತು. ಅಲ್ಲಿಗೆ ನಿಲ್ಲಿಸುವಷ್ಟು ಬುದ್ಧಿ ಪುಣ್ಯಕ್ಕೆ ಇತ್ತು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ, ಡ್ರಿಲ್ ಹಾಕಿ ತೆಗೆದು ಹೊಸ ಎಳೆ ಕೂರಿಸಬೇಕು, ಹತ್ತು ದಿನ ಬಿಟ್ಟು ಬರುತ್ತೇನೆ ಅಂದರು. ಮರುದಿನ ಕುಂದಾಪುರಕ್ಕೆ ಹೋಗಿ ಈ ಇಂಪ್ಯಾಕ್ಟ್ ಡ್ರೈವರ್ ತಂದೆ.

ಕರೆಂಟಿನದಲ್ಲ, ಕೈಯದು. ನೋಡಲಿಕ್ಕೆ ಕಬ್ಬಿಣದ ದಪ್ಪ ಹಿಡಿಕೆ, ಮುಂದೆ ಅರ್ಧ ಇಂಚಿನ ಚೌಕದ ಮೂತಿ. ಆ ಮೂತಿಗೆ ಬಿಟ್ ಹಾಕಬಹುದು, ಬೋಲ್ಟು ತಿರುಗಿಸುವ ಸಾಕೆಟ್ಟೂ ಹಾಕಬಹುದು. ಒಳಗೆ ಓರೆಯಾಗಿ ಕೊರೆದ ತೋಡು ಇದೆ. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಮೂತಿ ಒಳಕ್ಕೆ ಒತ್ತಿಕೊಂಡು ಸ್ವಲ್ಪವೇ ಸ್ವಲ್ಪ ತಿರುಗುತ್ತದೆ. ಸಾಧಾರಣ ಸ್ಕ್ರೂಡ್ರೈವರ್ ಜೋರಾಗಿ ತಿರುಗಿಸಿದಾಗ ಸೀಳಿನಿಂದ ಮೇಲಕ್ಕೆ ಎದ್ದುಬಿಡುತ್ತದಲ್ಲ, ಇಲ್ಲಿ ಅದೇ ಪೆಟ್ಟು ಬಿಟ್ಟನ್ನು ಸೀಳಿಗೆ ಒತ್ತಿ ಹಿಡಿಯುತ್ತದೆ. ಇದಕ್ಕೆ ದುಡ್ಡು ಕೊಡುವುದು ಈ ಒಂದು ಗುಣಕ್ಕೆ.

ಮೊದಲ ದಿನ ನಾಲ್ಕು ಪೆಟ್ಟು ಹೊಡೆದೆ. ಸ್ಕ್ರೂ ಇದ್ದಲ್ಲೇ ಇತ್ತು. ದೊಡ್ಡಪ್ಪ ಬಲೆ ಹೆಣೆಯುತ್ತ ಕೂತಿದ್ದವರು ಎದ್ದು ಬಂದರು.

"ಎಷ್ಟ್ ಹೊಡ್ದೆ?"

"ನಾಲ್ಕು."

"ಅದ್ ಯಾವ್ ಬದಿಗೆ ತಿರ್ಗತ್ತ್ ಅಂತ ಕಂಡಿದ್ಯಾ?"

ಕಂಡಿರಲಿಲ್ಲ. ಮೂತಿಯನ್ನು ಒತ್ತಿ ತಿರುಗಿಸಿದರೆ ಬಿಚ್ಚುವ ಬದಿಗೋ ಬಿಗಿಯುವ ಬದಿಗೋ ಬದಲಾಗುತ್ತದೆ. ಅಂಗಡಿಯಿಂದ ಬಂದದ್ದು ಬಿಗಿಯುವ ಬದಿಗೆ ಇತ್ತು. ಎರಡು ವರ್ಷದಿಂದ ಕಚ್ಚಿಕೊಂಡ ಸ್ಕ್ರೂವನ್ನು ನಾನು ನಾಲ್ಕು ಪೆಟ್ಟು ಹೊಡೆದು ಇನ್ನಷ್ಟು ಬಿಗಿ ಮಾಡಿದ್ದೆ! ಹಿಡಿಕೆಯ ಮೇಲೆ ಎಲ್ ಮತ್ತು ಆರ್ ಅಂತ ಕೆತ್ತಿದ್ದಾರೆ, ಬಣ್ಣ ತುಂಬಿಲ್ಲ, ಕನ್ನಡಕ ಬೇಕು. ಇದು ತಯಾರಕರ ಮೇಲೆ ನನ್ನ ಮೊದಲ ದೂರು. ಹೊಸಬರು ಕೈಗೆ ಬಂದ ಕೂಡಲೇ ಬಿಟ್ಟನ್ನು ಮರದ ತುಂಡಿಗೆ ಒತ್ತಿ ಒಂದು ಪೆಟ್ಟು ಕೊಟ್ಟು ಯಾವ ಕಡೆ ತಿರುಗುತ್ತದೆ ಎಂದು ನೋಡಿಕೊಳ್ಳಿ.

ದೊಡ್ಡಪ್ಪ ಮತ್ತೆ ಹೊಡೆಯಲಿಕ್ಕೆ ಬಿಡಲಿಲ್ಲ. "ಎಂತಕ್ಕೆ ಅರ್ಜೆಂಟ್ ಮಗಾ, ಅದ್ ಎಣ್ಣೆ ಕುಡೀಲಿ" ಅಂದರು. ಫೈಬರ್ ಕೆಲಸದವರ ಹತ್ತಿರ ಬ್ರಷ್ ತೊಳೆಯುವ ಅಸಿಟೋನ್ ಇರುತ್ತದೆ. ಅದನ್ನು ಅರ್ಧ ಲೋಟ ತಂದು, ಅಷ್ಟೇ ಪ್ರಮಾಣದ ಕೆಂಪು ಪವರ್ ಸ್ಟೀರಿಂಗ್ ಆಯಿಲ್ ಬೆರೆಸಿದೆವು. ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ, ಪ್ರತಿ ಸಲ ಕುಲುಕಿಯೇ ಬಿಡಬೇಕು. ಥರ್ಮಾಕೋಲ್ ಲೋಟದಲ್ಲಿ ಹಾಕಬೇಡಿ, ಲೋಟ ಕರಗಿ ಕಾಲ ಮೇಲೆ ಬೀಳುತ್ತದೆ. ಹತ್ತಿರದಲ್ಲಿ ಬೀಡಿ ಕೂಡದು. ಬಣ್ಣಕ್ಕೆ, ಫೈಬರಿಗೆ ತಾಗಿದರೆ ಕೂಡಲೇ ಒರೆಸಿ. ಸ್ಪ್ರೇ ಡಬ್ಬಿಯೂ ನನ್ನ ಹತ್ತಿರ ಇತ್ತು, ಡಬ್ಲ್ಯೂಡಿ-40. ಆ ಹೆಸರಿನ ಅರ್ಥವೇ ನೀರನ್ನು ಓಡಿಸುವುದು, 40ನೇ ಪ್ರಯತ್ನದಲ್ಲಿ ಸರಿಯಾಯಿತು ಅಂತ 40. ಅದನ್ನು ನಾನು ವಯರಿಂಗ್ ಒಣಗಿಸಲಿಕ್ಕೆ ಇಟ್ಟುಕೊಂಡಿದ್ದೇನೆ.

ಸಂಜೆ, ರಾತ್ರಿ, ಬೆಳಿಗ್ಗೆ, ಮೂರು ಹೊತ್ತು ಎಣ್ಣೆ. ಮರುದಿನ ಬಿಸಿ. ಗ್ಯಾಸ್ ಬೆಂಕಿ ಹಿಡಿದರೆ ಬಣ್ಣ ಸುಟ್ಟು, ಒಳಗಿನ ರಬ್ಬರ್ ಸೀಲೂ ಹೋಗುತ್ತದೆ, ಅಸಿಟೋನ್ ಹಾಕಿದ ಜಾಗಕ್ಕಂತೂ ಬೆಂಕಿಯ ಮಾತೇ ಬೇಡ. ಹಾಗಾಗಿ ಚೆನ್ನಾಗಿ ಒರೆಸಿ ಒಣಗಿಸಿ, ಗೇರ್ ಬಾಕ್ಸಿಗೆ ಹಳೆ ಪಂಚೆ ಸುತ್ತಿ, ಬಚ್ಚಲ ಹಂಡೆಯ ಕುದಿನೀರನ್ನು ಚೊಂಬಿನಲ್ಲಿ ಸುರಿದೆವು. ಅಮ್ಮ ಬೈದಳು, ಅವಳ ಸ್ನಾನದ ನೀರು. ಸ್ಟೀಲಿಗಿಂತ ಅಲ್ಯೂಮಿನಿಯಂ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ತೂತು ಕೂದಲೆಳೆಯಷ್ಟು ಸಡಿಲವಾಗುತ್ತದೆ. ಆ ಕೂದಲೆಳೆ ಸಾಕು.

ಹೊಡೆಯುವುದಕ್ಕೂ ಕ್ರಮ ಇದೆ. ಆಚೆ ಬದಿಗೆ ದಪ್ಪ ಮರದ ಕೊರಡು ಒತ್ತಿ ಒಬ್ಬರು ಹಿಡಿಯಬೇಕು, ಇಲ್ಲದಿದ್ದರೆ ಪೆಟ್ಟೆಲ್ಲ ಸ್ಟ್ಯಾಂಡ್ ಅಲ್ಲಾಡಿಸಲಿಕ್ಕೆ ಹೋಗುತ್ತದೆ, ಗೇರ್ ಬಾಕ್ಸ್ ಸೀಳುವ ಅಪಾಯ ಬೇರೆ. ಬಿಟ್ ಸೀಳಿನ ಪೂರ್ತಿ ಅಗಲಕ್ಕೆ ಕೂರಬೇಕು. ಹಿಡಿಕೆಯನ್ನು ಬಿಚ್ಚುವ ಬದಿಗೆ ತಿರುವಿ ಬಿಗಿ ಹಿಡಿದು, ಒಂದು ಕಿಲೋ ಸುತ್ತಿಗೆಯಲ್ಲಿ ಒಂದೇ ನೇರ ಪೆಟ್ಟು. ಟಕಟಕ ಅಂತ ಇಪ್ಪತ್ತು ಸಣ್ಣ ಪೆಟ್ಟು ಕೊಟ್ಟರೆ ಸೀಳು ಸವೆಯುವುದಷ್ಟೇ. ಮೂರನೇ ಪೆಟ್ಟಿಗೆ ಸದ್ದು ಬದಲಾಯಿತು. ಠಣ್ ಅನ್ನುತ್ತಿದ್ದದ್ದು ಟಪ್ ಅಂದಿತು. ಕೊರಡು ಹಿಡಿದಿದ್ದ ಮಗಳು "ಬಂತು ಅಪ್ಪಾ" ಅಂದಳು, ನನಗಿಂತ ಮೊದಲು ಅವಳ ಕೈಗೆ ಗೊತ್ತಾಗಿತ್ತು.

ಒಳಗಿನಿಂದ ಇಳಿದದ್ದು ಹಾಲು ಹಾಕಿದ ಚಹಾದಂಥ ಎಣ್ಣೆ. ನೀರು ಸೇರಿದೆ ಅಂತ ಅರ್ಥ, ಹೆಚ್ಚಾಗಿ ಫ್ಯಾನ್ ಶಾಫ್ಟಿನ ಸೀಲು ಹೋಗಿರುತ್ತದೆ. ಸ್ಕ್ರೂ ಜಾಮ್ ಆಗಿದೆಯಲ್ಲ, ಇನ್ನೊಂದು ವರ್ಷ ಹಾಗೇ ಓಡಲಿ ಅಂತ ಬಿಟ್ಟಿದ್ದರೆ ಗೇರು, ಬೇರಿಂಗು ಎಲ್ಲ ಮಳೆಗಾಲದ ನಡುವೆ ಕೈಗೆ ಬರುತ್ತಿದ್ದವು. ಸೀಲು ಬದಲಿಸಿ, ಹೊಸ 90 ನಂಬರಿನ ಗೇರ್ ಎಣ್ಣೆಯನ್ನು ಕೆಳಗಿನ ತೂತಿನಿಂದ ಮೇಲಿನದರಲ್ಲಿ ಉಕ್ಕುವವರೆಗೆ ತುಂಬಿ, ಎರಡೂ ಸ್ಕ್ರೂಗಳಿಗೆ ಹೊಸ ವಾಷರು, ಮೆರೈನ್ ಗ್ರೀಸು. ಸೀಳು ಕಿತ್ತ ಸ್ಕ್ರೂ ಎಸೆದೆ.

ಇಷ್ಟು ಹೊಗಳಿದ ಮೇಲೆ ಸೋತದ್ದನ್ನೂ ಹೇಳಬೇಕು. ಎಂಜಿನ್ ಕೂರುವ ಹಲಗೆಗೆ ಹಾಕಿದ 19 ನಂಬರ್ ಪಾನದ ಬೋಲ್ಟುಗಳಲ್ಲಿ ಎರಡು ಸಾದಾ ಕಬ್ಬಿಣದವು, ಯಾವ ಪುಣ್ಯಾತ್ಮ ಹಾಕಿದ್ದನೋ. ನಟ್ಟು ಪದರಪದರವಾಗಿ ಎದ್ದು ಮುಳ್ಳುಸೌತೆಯ ಹಾಗೆ ಉಬ್ಬಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಒಳಗೊಳಗೇ ಉಬ್ಬಿ ಎಳೆಯನ್ನು ಅಪ್ಪಿಬಿಡುತ್ತದೆ. ಸಾಕೆಟ್ ಹಾಕಿ ಇದೇ ಡ್ರೈವರಿನಲ್ಲಿ ಹೊಡೆದೆ. ಹಿಂದೆ ಫೈಬರ್ ಹಲಗೆ, ಹಾಸಿಗೆಗೆ ಹೊಡೆದ ಹಾಗೆ ಪೆಟ್ಟನ್ನೆಲ್ಲ ನುಂಗಿತು. ಕೊನೆಗೆ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ, ನಟ್ಟಿನ ಒಂದು ಮಗ್ಗುಲು ಉದ್ದಕ್ಕೆ ಕೊಯ್ದು, ಉಳಿಯಲ್ಲಿ ಅಗಲಿಸಿ ತೆಗೆದದ್ದು. ಒಂದು ನಟ್ಟಿಗೆ ಮುಕ್ಕಾಲು ಗಂಟೆ. ಗ್ರೈಂಡರ್ ಇಡು ಅಂದವರಿದ್ದರು. ಪೆಟ್ರೋಲ್ ಡಬ್ಬಿ ಇಡುವ ದೋಣಿಯಲ್ಲಿ ಕಿಡಿ ಹಾರಿಸುವ ಧೈರ್ಯ ನನಗಿಲ್ಲ.

ಕಾರ್ಬೊರೇಟರಿನ ಸಣ್ಣ ಸ್ಕ್ರೂಗಳಿಗೆ ಇದನ್ನು ಮುಟ್ಟಿಸಲೇಬೇಡಿ, ಎರಕ ಒಡೆಯುತ್ತದೆ. ಜಪಾನಿ ಎಂಜಿನ್‌ಗಳಲ್ಲಿ ಕೂಡು ಗುರುತಿನ ಸ್ಕ್ರೂ ತಲೆಯ ಮೇಲೆ ಸಣ್ಣ ಚುಕ್ಕೆ ಕಂಡರೆ ಅದು ಜಪಾನಿನ ಅಳತೆ, ನಮ್ಮಲ್ಲಿ ಸ್ಟಾರ್ ಅನ್ನುವ ಕೂಡು ಗುರುತಿನ ಬಿಟ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಅದಕ್ಕೆ ಬೇರೆ ಬಿಟ್ ತನ್ನಿ.

ಜೊತೆಗೆ ಬಂದ ಚಪ್ಪಟೆ ಬಿಟ್ಟಿನ ತುದಿ ಆ ಮೂರು ಪೆಟ್ಟಿಗೇ ಮಡಚಿತು. ಬೇರೆ ಕೊಂಡದ್ದಕ್ಕೆ 120 ರೂಪಾಯಿ ಆಯಿತು. ಉಪ್ಪುಗಾಳಿಗೆ ಮೂತಿಯ ಸುತ್ತ ಒಂದೇ ತಿಂಗಳಲ್ಲಿ ಕೆಂಪು ಬಂತು, ಎಣ್ಣೆ ಬಟ್ಟೆಯಲ್ಲಿ ಸುತ್ತಿಡದಿದ್ದರೆ ಇದನ್ನು ಬಿಚ್ಚಲಿಕ್ಕೆ ಇನ್ನೊಂದು ತರಬೇಕು. ಹಿಡಿಕೆಗೆ ರಬ್ಬರ್ ಇಲ್ಲ, ಸುತ್ತಿಗೆ ಜಾರಿದರೆ ಹೆಬ್ಬೆರಳಿಗೆ ತಾಗುತ್ತದೆ. ದಪ್ಪ ಕೈಗವಸು ಹಾಕಿಕೊಳ್ಳಿ.

ಸದ್ಯ ಅದು ಮನೆಯಲ್ಲಿಲ್ಲ. ಕೊಡೇರಿಯವರೊಬ್ಬರು ಎರಡೇ ದಿನಕ್ಕೆ ಅಂತ ಒಯ್ದು ಮೂರು ವಾರವಾಯಿತು. ನಿನ್ನೆ ಫೋನ್ ಮಾಡಿದರೆ, ಹೊಡೆದು ಹೊಡೆದು ಸಾಕಾಯ್ತು ಮಾರಾಯ, ಅಲ್ಲಾಡುವುದೇ ಇಲ್ಲ ಅಂದರು. ಯಾವ ಬದಿಗೆ ತಿರುಗುತ್ತದೆ ಕಂಡಿದ್ದೀರಾ ಅಂತ ಕೇಳಿದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.