ಫ್ರೀಪ್ಲೇನ್: ಮೈಂಡ್ ಮ್ಯಾಪ್ ಹರಡಲು ಸೊಗಸು, ತಾರೀಕು ಮಾತ್ರ ನೀವೇ ಹಾಕಬೇಕು

ಮೇ ತಿಂಗಳಲ್ಲಿ ಸಕಲೇಶಪುರದ ಕಡೆ ಮೋಡ ಕಟ್ಟಿತೆಂದರೆ ತೋಟದ ಕೆಲಸಗಳೆಲ್ಲ ಒಟ್ಟಿಗೇ ತಲೆಗೆ ಏರುತ್ತವೆ. ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮುಗಿದಿಲ್ಲ, ಗೊಬ್ಬರ ಬಂದಿಲ್ಲ, ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆದಿಲ್ಲ, ಬಸಿಗಾಲುವೆ ಹೂಳು ಹಾಗೇ ಇದೆ. ಹಾಸನದಲ್ಲಿ ನೌಕರಿ, ಊರಲ್ಲಿ ಮೂರು ಎಕರೆ ರೋಬಸ್ಟಾ ಕಾಫಿ, ಕೈಗೆ ಸಿಗುವುದು ಭಾನುವಾರ ಮಾತ್ರ ಎನ್ನುವವರು ಈ ಜಿಲ್ಲೆಯಲ್ಲಿ ಬಹಳ. ಇದನ್ನೆಲ್ಲ ಹರಡಿ ನೋಡಲು ಮೈಂಡ್ ಮ್ಯಾಪ್, ಅಂದರೆ ನಡುವೆ ಒಂದು ವಿಷಯ ಬರೆದು ಸುತ್ತ ಕೊಂಬೆಗಳಾಗಿ ಹರಡುವ ಚಿತ್ರ, ಒಳ್ಳೆಯ ದಾರಿ. ಆದರೆ ಹರಡಿದ್ದನ್ನು ಭಾನುವಾರದ ಲೆಕ್ಕಕ್ಕೆ ಇಳಿಸುವ ಹೊತ್ತಿಗೆ ಹೆಚ್ಚಿನ ಮ್ಯಾಪ್‌ಗಳು ಚಿತ್ರವಾಗಿಯೇ ಉಳಿದುಬಿಡುತ್ತವೆ. ಫ್ರೀಪ್ಲೇನ್ ಎಂಬ ಉಚಿತ ತಂತ್ರಾಂಶವನ್ನು ಈ ಒಂದೇ ಕೆಲಸದ ಮಟ್ಟಿಗೆ ಇಲ್ಲಿ ಅಳೆದಿದ್ದೇವೆ.

ಫ್ರೀಮೈಂಡ್ ಎಂಬ ಹಳೆಯ ಮೈಂಡ್ ಮ್ಯಾಪ್ ತಂತ್ರಾಂಶದಿಂದ ಕವಲೊಡೆದು ಬಂದ ಮುಕ್ತ ತಂತ್ರಾಂಶ ಇದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗಿಬರುವ ಮಲೆನಾಡಿಗೆ ಇದು ಸಣ್ಣ ಸೌಕರ್ಯವಲ್ಲ. ಟ್ಯಾಬ್ ಒತ್ತಿದರೆ ಒಳಕೊಂಬೆ, ಎಂಟರ್ ಒತ್ತಿದರೆ ಪಕ್ಕದ ಕೊಂಬೆ, ಸ್ಪೇಸ್ ಒತ್ತಿದರೆ ಕೊಂಬೆ ಮಡಚಿಕೊಳ್ಳುತ್ತದೆ. ಯುನಿಕೋಡ್ ಕನ್ನಡ ಚೆನ್ನಾಗಿ ಕೂರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದನ್ನು ತಂದು ಅಂಟಿಸಬೇಡಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು ಎಚ್ಚರ: ಕೊಂಬೆಯ ಮೇಲೆ ನಿಂತು ಅಕ್ಷರ ಒತ್ತಿದರೆ ಹಳೆಯ ಬರಹ ಅಳಿಸಿಹೋಗಿ ಹೊಸದು ಶುರುವಾಗುತ್ತದೆ. ತಿದ್ದುವ ಮೊದಲು ಎಫ್2 ಒತ್ತುವ ಅಭ್ಯಾಸ ಮಾಡಿಕೊಳ್ಳಿ.

ಮೈಂಡ್ ಮ್ಯಾಪ್ ಅನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಟೋನಿ ಬುಜಾನ್ ಅವರ ನಿಯಮ, ಒಂದು ಕೊಂಬೆಗೆ ಒಂದೇ ಪದ. ಯೋಚಿಸುವಾಗ ಅದು ಸರಿ. ಮಾಡುವಾಗ ಅದೇ ತೊಡಕು. 'ಮೆಣಸು' ಎಂದು ಬರೆದರೆ ಭಾನುವಾರ ಬೆಳಿಗ್ಗೆ ತೋಟಕ್ಕೆ ಹೋಗಿ ಏನು ಮಾಡಬೇಕು? ಆದ್ದರಿಂದ ಮೊದಲ ಸುತ್ತಿನಲ್ಲಿ ಪದಗಳನ್ನು ಹರಡಿ, ಮಾರನೆಯ ದಿನ ಪ್ರತಿ ತುದಿಯನ್ನೂ ಕ್ರಿಯಾಪದದಲ್ಲಿ ಮುಗಿಯುವ ವಾಕ್ಯವಾಗಿ ತಿದ್ದಿ. 'ನೋಡಬೇಕು', 'ವಿಚಾರಿಸಬೇಕು' ಎಂಬ ನಮ್ಮ ಎರಡು ಕ್ರಿಯಾಪದಗಳನ್ನು ಮಾತ್ರ ಒಪ್ಪಬೇಡಿ. ಯಾರನ್ನು, ಏನು ಕೇಳುವುದು ಎಂದು ಬರೆದ ಮೇಲೆಯೇ ಅದು ಕೆಲಸ.

'ಮೆಣಸು' ಕೊಂಬೆಯನ್ನೇ ಬಿಡಿಸಿ ನೋಡೋಣ. ಮುಂಗಾರಿಗೆ ಮೊದಲು ಸೊರಗು ರೋಗಕ್ಕೆ ಶೇ 1ರ ಬೋರ್ಡೋ ಹೊಡೆಯಬೇಕು. ಅಂದರೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಬಳ್ಳಿ ಎಣಿಸಿ ಎಷ್ಟು ಲೀಟರ್ ಬೇಕೆಂದು ಬರೆಯುವುದು ಒಂದು ತುದಿ. ಮೈಲುತುತ್ತ, ಸುಣ್ಣ ತರುವುದು ಇನ್ನೊಂದು. ಇದು ಹಾಸನದಲ್ಲೇ ವಾರದ ಸಂಜೆ ಮುಗಿಯುವ ಕೆಲಸ, ಭಾನುವಾರವನ್ನು ತಿನ್ನಬಾರದು. ಸ್ಪ್ರೇಯರಿನ ವಾಷರ್, ನಾಝಲ್ ಸರಿಮಾಡುವುದು, ಎರಡು ಪ್ಲಾಸ್ಟಿಕ್ ಡ್ರಮ್ ಹೊಂದಿಸುವುದು ಬೇರೆ ಬೇರೆ ತುದಿಗಳು. ಕಬ್ಬಿಣದ ಡ್ರಮ್ ಆಗದು, ತಾಮ್ರ ಅದಕ್ಕೆ ಹಿಡಿಯುತ್ತದೆ. ಕೊನೆಯದು ಹೊಡೆಯುವ ದಿನ. 50 ಲೀಟರಿನಲ್ಲಿ ಮೈಲುತುತ್ತ, 50 ಲೀಟರಿನಲ್ಲಿ ಸುಣ್ಣ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯುವುದು, ಹೊಳೆಯುವ ಚಾಕು ಅದ್ದಿ ನೋಡುವುದು. ಚಾಕುವಿಗೆ ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ. ಕಲಸಿದ್ದು ಅಂದೇ ಖಾಲಿಯಾಗಬೇಕು. ಮ್ಯಾಪಿನಲ್ಲಿ ಒಂದೇ ಪದವಾಗಿದ್ದದ್ದು ಹೀಗೆ ಐದು ತುದಿಗಳಾಯಿತು, ಅದರಲ್ಲಿ ಮಳೆಯಿಲ್ಲದ ದಿನವೇ ಬೇಕಾದದ್ದು ಒಂದೇ ಒಂದು. ಇಷ್ಟು ಬಿಡಿಸುವ ತಾಳ್ಮೆಗೆ ಫ್ರೀಪ್ಲೇನಿನಷ್ಟು ಹೊಂದುವ ಸಾಧನ ಕಡಿಮೆ. ಕೈ ಕೀಬೋರ್ಡ್ ಬಿಡದೆ ಒಳಗೊಳಗೆ ಇಳಿಯುತ್ತಾ ಹೋಗಬಹುದು. ಒಂದು ತುದಿ ಕಾಲು ಗಂಟೆಗಿಂತ ಚಿಕ್ಕದಾದರೆ, ಮೂರು ಗಂಟೆಗಿಂತ ದೊಡ್ಡದಾದರೆ ಬಿಡಿಸಿದ್ದು ಸರಿಯಾಗಿಲ್ಲ ಎಂದು ತಿಳಿಯಿರಿ.

ಮುಂದಿನದು ಗಂಟೆಯ ಲೆಕ್ಕ. ಬಹಳ ಜನ ಬಿಡುವುದು ಇದನ್ನೇ. ಪ್ರತಿ ತುದಿಗೂ 'ಗಂಟೆ' ಎಂಬ ಆಟ್ರಿಬ್ಯೂಟ್ (ಕೊಂಬೆಗೆ ಅಂಟಿಸುವ ಹೆಸರು-ಬೆಲೆಯ ಪುಟ್ಟ ಪಟ್ಟಿ) ಸೇರಿಸಿ ಅಂದಾಜು ಹಾಕಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು, ಊಟದ ಹೊತ್ತು ಕಳೆದರೆ ಭಾನುವಾರಕ್ಕೆ 6 ಗಂಟೆ; ನಾಲ್ಕು ವಾರಕ್ಕೆ 24. ಮೇ ತಿಂಗಳು ಮದುವೆಗಳ ತಿಂಗಳು, ಒಂದು ಭಾನುವಾರ ಅದಕ್ಕೆ ಹೋಯಿತು. ಅರ್ಧ ದಿನ ಮಳೆಗೆ. ಉಳಿದದ್ದು 15. ಮ್ಯಾಪಿನ ತುದಿಗಳನ್ನು ಕೂಡಿದರೆ 31 ಬಂತೆನ್ನಿ. 16 ಗಂಟೆಯ ಕೆಲಸವನ್ನು ಆಳಿಗೆ ಕೊಡಬೇಕು, ತಿಂಗಳು ಮುಂದಕ್ಕೆ ಹಾಕಬೇಕು, ಇಲ್ಲವೇ ಈ ವರ್ಷ ಬಿಡಬೇಕು. ಬೋರ್ಡೋ ಮುಂದಕ್ಕೆ ಹೋಗದು, ಮಳೆ ಕಾಯುವುದಿಲ್ಲ. ಬೇಲಿ ದುರಸ್ತಿ ಹೋದೀತು. ಮರಗಸಿಗೆ ಹೇಗಿದ್ದರೂ ಮರ ಹತ್ತಿ ಪಳಗಿದ ಆಳೇ ಬೇಕು. ಅದರಲ್ಲಿ ನಿಮ್ಮ ಕೆಲಸ ಮೇಸ್ತ್ರಿಗೆ ಫೋನ್ ಮಾಡಿ ದಿನ ಗೊತ್ತುಮಾಡುವ ಕಾಲು ಗಂಟೆಯಷ್ಟೇ.

ಈ ಕೂಡುವ ಕೆಲಸದಲ್ಲಿ ಫ್ರೀಪ್ಲೇನ್ ಸೋಲುತ್ತದೆ. = ಚಿಹ್ನೆಯಿಂದ ಶುರುವಾಗುವ ಸೂತ್ರಗಳಿವೆ, ಆದರೆ ಅವಕ್ಕೆ ಗ್ರೂವಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕು. ನೌಕರಿ, ತೋಟ ಎರಡೂ ಇರುವವರಿಗೆ ಅದನ್ನು ಕಲಿಯಿರಿ ಎನ್ನುವುದು ನ್ಯಾಯವಲ್ಲ. ಕ್ಯಾಲ್ಕುಲೇಟರ್ ಹಿಡಿದು ಕೂಡುವುದೇ ವಾಸಿ. ಬಾಣದ ಗೆರೆ ಎಳೆದು 'ಇದಾದ ಮೇಲೆ ಅದು' ಎಂದು ತೋರಿಸಬಹುದು, ಆದರೆ ಮೊದಲನೆಯದು ತಡವಾದರೆ ಎರಡನೆಯದರ ತಾರೀಕು ತಾನಾಗಿ ಸರಿಯುವುದಿಲ್ಲ.

ಕೈಹಿಡಿಯುವುದು ಫಿಲ್ಟರ್. ಅಂಕಿಯ ಐಕಾನ್‌ಗಳಲ್ಲಿ 1ರಿಂದ 4ರವರೆಗಿನದನ್ನು ತಿಂಗಳ ನಾಲ್ಕು ಭಾನುವಾರಗಳಿಗೆ ಇಟ್ಟುಕೊಳ್ಳಿ. ಆದ್ಯತೆ ತೋರಿಸಲು ಅಂಕಿ ಬಳಸಬೇಡಿ. ಆಗ ಎಲ್ಲ ಕೆಲಸಕ್ಕೂ 1 ಬೀಳುತ್ತದೆ, ಗುರುತು ಹಾಕಿಯೂ ಪ್ರಯೋಜನವಿಲ್ಲ. ಶನಿವಾರ ಸಂಜೆ 2ರ ಐಕಾನ್ ಇರುವುದನ್ನಷ್ಟೇ ಫಿಲ್ಟರ್ ಮಾಡಿದರೆ ಆ ಭಾನುವಾರದ ಕೆಲಸಗಳು ಮೂಲ ಕೊಂಬೆಯ ಸಮೇತ ಕಾಣುತ್ತವೆ, ಮಿಕ್ಕದ್ದು ಮರೆಯಾಗುತ್ತದೆ. ಕೊಂಬೆಯೊಂದನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಸಾಲುಸಾಲಾಗಿ ಬರುತ್ತದೆ, ಹಾಗೇ ಮೇಸ್ತ್ರಿಗೆ ಕಳಿಸಬಹುದು.

ರಿಮೈಂಡರ್ ನೆಚ್ಚಿ ಕೂರಬೇಡಿ. ತಾರೀಕು, ಸಮಯ ಹಾಕಬಹುದು ನಿಜ, ಆದರೆ ಕಂಪ್ಯೂಟರಿನಲ್ಲಿ ಆ ಮ್ಯಾಪ್ ತೆರೆದಿದ್ದರೆ ಮಾತ್ರ ಅದು ನೆನಪಿಸುತ್ತದೆ. ಮುಖ್ಯವಾದ ಮೂರು ನಾಲ್ಕು ತಾರೀಕುಗಳನ್ನು ಫೋನಿನ ಕ್ಯಾಲೆಂಡರಿಗೂ ಅಡುಗೆಮನೆಯ ಗೋಡೆಯ ಪಂಚಾಂಗಕ್ಕೂ ಬರೆದುಬಿಡಿ. ಮದುವೆ, ಜಾತ್ರೆ, ಅಮಾವಾಸ್ಯೆ ಮೊದಲೇ ಅಲ್ಲಿರುವುದರಿಂದ ಯಾವ ಭಾನುವಾರ ಕೈಬಿಟ್ಟುಹೋಗುತ್ತದೆ ಎಂಬುದು ಮ್ಯಾಪಿಗಿಂತ ಮೊದಲು ಪಂಚಾಂಗಕ್ಕೇ ಗೊತ್ತು.

ಒಬ್ಬರ ಅಥವಾ ಒಂದು ಮನೆಯ ಯೋಜನೆಗೆ ಇದನ್ನು ಧಾರಾಳವಾಗಿ ಹಾಕಿಕೊಳ್ಳಿ, ಪರೀಕ್ಷೆಯ ಓದಿಗೂ ಮನೆ ಕಟ್ಟುವುದಕ್ಕೂ ಇದೇ ಕ್ರಮ ನಡೆಯುತ್ತದೆ. ದಿನಕ್ಕೆ ಇಪ್ಪತ್ತು ಮೂವತ್ತು ಆಳಿನ ಹಾಜರಿ, ಬಟವಾಡೆ ನೋಡುವ ಎಸ್ಟೇಟಿಗೆ ಇದು ಸಾಲದು. ಅಲ್ಲಿ ಸ್ಪ್ರೆಡ್‌ಶೀಟೇ ಬೇಕು.