ಟೆನೆರಿಫ್ ಮೊದಲೋ, ಎವರ್‌ಗ್ಲೇಡ್ಸ್ ಮೊದಲೋ?

ಪೈಲಟ್ ತರಬೇತಿಗೆ ಹೊರಟವರು ಯಾವ ಅಪಘಾತವನ್ನು ಮೊದಲು ಓದಬೇಕು? ನಾನಂತೂ ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ಅಪಘಾತ ಅನ್ನುತ್ತೇನೆ.

1972ರಲ್ಲಿ ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಬಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನದ ಪಾಠ ನೇರ: ಉರಿಯದ ಒಂದು ಪುಟ್ಟ ಬಲ್ಬಿನ ಮೇಲೆ ಎಲ್ಲರ ಗಮನ, ಎತ್ತರವನ್ನು ಆಟೋಪೈಲಟ್ ನೋಡಿಕೊಳ್ಳುತ್ತಿದೆ ಅನ್ನುವ ನಂಬಿಕೆ, ವಿಮಾನ ಕೆಳಗಿಳಿಯುತ್ತಿದ್ದುದನ್ನು ಯಾರೂ ನೋಡಲಿಲ್ಲ.

1977ರ ಟೆನೆರಿಫ್ ಇದಕ್ಕಿಂತ ಜಾಸ್ತಿ ಕಲಿಸುತ್ತದೆ. ಅಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾದವು. ಮಂಜು ಕವಿದಿತ್ತು. ಕೆಎಲ್‌ಎಂಗೆ ಸಿಕ್ಕಿದ್ದು ಮಾರ್ಗದ ಅನುಮತಿ ಮಾತ್ರ, ಟೇಕಾಫ್‌ಗೆ ಅಲ್ಲ. ಟವರ್ 'ಓಕೆ' ಅಂದದ್ದು ಕೇಳಿಸಿತು, ಆದರೆ ಆಮೇಲಿನ 'ಕಾಯಿರಿ' ಮತ್ತು ಪ್ಯಾನ್ ಆಮ್‌ನವರು 'ನಾವಿನ್ನೂ ರನ್‌ವೇಯಲ್ಲೇ ಇದ್ದೇವೆ' ಅಂದದ್ದು ಒಟ್ಟೊಟ್ಟಿಗೆ ಬಂದು ಕೀರಲು ಸದ್ದಿನಲ್ಲಿ ಮುಚ್ಚಿಹೋದವು. 583 ಜನ ಸತ್ತರು. ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಕೆಎಲ್‌ಎಂನ ಫ್ಲೈಟ್ ಇಂಜಿನಿಯರ್ ಅನುಮಾನದಿಂದ ಪ್ರಶ್ನಿಸಿಯೂ ಇದ್ದರು, ಅಲ್ವಾ? ಅದೇ ನನಗೆ ತುಂಬಾ ನೋವಿನ ಭಾಗ.

ರೇಡಿಯೋ ಮಾತು ಕಲಿಯುವ ವಾರದಲ್ಲೇ ಟೆನೆರಿಫ್ ಓದಿ. ಆಟೋಪೈಲಟ್ ಇರುವ ವಿಮಾನಕ್ಕೆ ಹೋಗುವಾಗ 401 ಓದಿ.