ಹೆಬ್ಬೆರಳಿನ ಬುಡದ ಸಂಧಿವಾತಕ್ಕೆ ಎರಡು ಬಗೆಯ ಸ್ಪ್ಲಿಂಟ್: ಬಳಕೆದಾರರ ಅಭಿಪ್ರಾಯ

ಬಾಟಲಿಯ ಮುಚ್ಚಳ ತೆಗೆಯುವಾಗ, ಬೀಗದಲ್ಲಿ ಕೀಲಿಕೈ ತಿರುವುವಾಗ, ಒದ್ದೆ ಬಟ್ಟೆ ಹಿಂಡುವಾಗ ಹೆಬ್ಬೆರಳಿನ ಬುಡದಲ್ಲಿ ಚುಳ್ಳೆಂದು ನೋವು ಹೊಡೆಯುತ್ತಿದ್ದರೆ, ಅದು ಅಲ್ಲಿನ ಕೀಲು ಸವೆದು ಬಂದ ಸಂಧಿವಾತವಾಗಿರಬಹುದು. 40 ದಾಟಿದವರಲ್ಲಿ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ, ಇದು ಹೆಚ್ಚು. ನನ್ನ ಬಲಗೈಯ ಎಕ್ಸ್‌-ರೇ ನೋಡಿದ ಮೂಳೆ ವೈದ್ಯರು ಇದನ್ನೇ ಖಚಿತಪಡಿಸಿ ಸ್ಪ್ಲಿಂಟ್ (ಕೀಲು ಅಲುಗದಂತೆ ಹಿಡಿದಿಡುವ ಆಧಾರಪಟ್ಟಿ) ಧರಿಸಲು ಸೂಚಿಸಿದರು. ಔಷಧಿ ಅಂಗಡಿಯಲ್ಲಿ ಸಿಗುವ ನಿಯೋಪ್ರೀನ್ ಬಟ್ಟೆಯ ಮೆತ್ತನೆಯ ಸ್ಪ್ಲಿಂಟ್ ಹಾಗೂ ಆಸ್ಪತ್ರೆಯ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ವಿಭಾಗದಲ್ಲಿ ಕೈಯಳತೆಗೆ ಮಾಡಿಸಿದ ಪ್ಲಾಸ್ಟಿಕ್ ಸ್ಪ್ಲಿಂಟ್, ಎರಡನ್ನೂ ತಿಂಗಳುಗಟ್ಟಲೆ ಬಳಸಿ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯದು ಅಗ್ಗ, ಹಗುರ. ಕೈಗೆ ಹಿತವಾದ ಬಿಸುಪನ್ನೂ ಕೊಡುತ್ತದೆ. ಆದರೆ ಚಪಾತಿ ಹಿಟ್ಟು ನಾದುವಾಗ ಬೆರಳಿನೊಂದಿಗೆ ತಾನೂ ಬಾಗುತ್ತದೆ, ಒದ್ದೆಯಾದರೆ ಬೇಗ ಒಣಗುವುದಿಲ್ಲ, ಸೆಕೆಗಾಲದಲ್ಲಿ ಬೆವರಿನಿಂದ ತುರಿಕೆ ತರುತ್ತದೆ. ಹೆಬ್ಬೆರಳಿನ ತುದಿಯಿಂದ ಚಿವುಟಿ ಹಿಡಿಯುವ ಬಲದ ಸುಮಾರು 12 ಪಟ್ಟು ಒತ್ತಡ ಬುಡದ ಕೀಲಿನ ಮೇಲೆ ಬೀಳುತ್ತದೆ ಎಂಬುದನ್ನು ತಿಳಿದರೆ, ಬಟ್ಟೆಯ ಆಧಾರ ಏಕೆ ಸಾಲದೆಂಬುದು ಅರ್ಥವಾಗುತ್ತದೆ.

ಮಾಡಿಸಿದ ಸ್ಪ್ಲಿಂಟ್‌ನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಬಿಸಿನೀರಿನಲ್ಲಿ ಮೆತ್ತಗಾಗುವ ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಥೆರಪಿಸ್ಟ್ ಕೈಮೇಲೆಯೇ ಒತ್ತಿ, ಲೋಟ ಹಿಡಿದ ಭಂಗಿಯಲ್ಲಿ ಹೆಬ್ಬೆರಳು ನಿಲ್ಲುವಂತೆ ರೂಪಿಸಿದರು. ಅದು ಬುಡದ ಕೀಲನ್ನಷ್ಟೇ ಕದಲದಂತೆ ಹಿಡಿದು, ಮಣಿಕಟ್ಟನ್ನೂ ಬೆರಳ ತುದಿಯ ಗಿಣ್ಣನ್ನೂ ಸ್ವತಂತ್ರವಾಗಿ ಬಿಡುವುದರಿಂದ ತರಕಾರಿ ಹೆಚ್ಚುವುದಕ್ಕಾಗಲಿ ಬರೆಯುವುದಕ್ಕಾಗಲಿ ಅಡ್ಡಿಯಾಗಲಿಲ್ಲ. ಅಂಚು ತಾಗಿ ಚರ್ಮ ಕೆಂಪಾದಾಗ ಮತ್ತೆ ಬಿಸಿ ಮಾಡಿ ತಿದ್ದಿಕೊಟ್ಟರು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಮಾತ್ರ ಆಕಾರ ಕೆಡುವ ಸಂಭವವಿದೆ. ನೋಡಲು ಅಂದವಿಲ್ಲ, ಮದುವೆ ಮನೆಗಳಲ್ಲಿ ಎಲ್ಲರೂ ಕೈ ಮುರಿಯಿತೇ ಎಂದು ಕೇಳುತ್ತಾರೆ.

ಈ ಎರಡು ಸ್ಪ್ಲಿಂಟ್‌ಗಳೂ ಸವೆದ ಮೃದ್ವಸ್ಥಿಯನ್ನು (ಕೀಲಿನ ಮೂಳೆತುದಿಗಳ ಮೇಲಿನ ನುಣುಪಾದ ಮೆತ್ತೆ) ಮರಳಿಸಲಾರವು. ನೋವು ತಗ್ಗಲು ತಿಂಗಳುಗಳೇ ಹಿಡಿಯಬಹುದು. ಜೊತೆಗೆ ಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ, ದಪ್ಪ ಹಿಡಿಯ ಚಾಕು, ನೋವು ಹೆಚ್ಚಾದ ದಿನ ವೈದ್ಯರು ಬರೆದುಕೊಟ್ಟ ಮುಲಾಮು ಇವೂ ಬೇಕು. ಒಂದನ್ನೇ ಕೊಳ್ಳುವುದಾದರೆ ದುಬಾರಿಯಾದರೂ ಮಾಡಿಸಿದ್ದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಮೆತ್ತನೆಯದು ರಾತ್ರಿಗೂ ಪ್ರಯಾಣಕ್ಕೂ ಸಾಕು. ಬೆರಳುಗಳು ಜೋಮು ಹಿಡಿಯುತ್ತಿದ್ದರೆ ಅಥವಾ ನೋವು ಮಣಿಕಟ್ಟಿನ ಪಕ್ಕದ ಸ್ನಾಯುರಜ್ಜುವಿನಲ್ಲಿ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಇದ್ದರೆ ಕಾಯಿಲೆಯೇ ಬೇರೆ, ಅದಕ್ಕೆ ಬೇಕಾದ ಸ್ಪ್ಲಿಂಟ್ ಕೂಡ ಬೇರೆ. ಆದ್ದರಿಂದ ವೈದ್ಯರಿಗೆ ತೋರಿಸದೆ ಇವೆರಡರಲ್ಲಿ ಯಾವುದನ್ನೂ ಕೊಳ್ಳಬಾರದು.